ಒಂದೇ ಕೈಯಲ್ಲಿ ತೆರೆಯುವ ಚಾಕು

ಶಿರಾ ಪೇಟೆಯ ಹಾರ್ಡ್‌ವೇರ್ ಅಂಗಡಿಯ ಸಾಹೇಬರು ಗಾಜಿನ ಕೌಂಟರಿನ ಮೇಲೆ ಉರ್ದು ಪೇಪರು ಹಾಸಿ, ಅದರ ಮೇಲೆ ಮಡಚುವ ಚಾಕುಗಳನ್ನು ಒಂದೊಂದಾಗಿ ಇಡುತ್ತಾ ಹೋದಾಗ, ಮೊದಲು ಯಾವುದನ್ನು ಕೈಗೆತ್ತಿಕೊಳ್ಳಬೇಕೆಂದು ನಾಗಭೂಷಣನಿಗೆ ತಿಳಿಯಲಿಲ್ಲ. ಎತ್ತಿಕೊಂಡದ್ದನ್ನೇ ಕೊಳ್ಳಬೇಕಾದೀತೆಂಬ ಹೆದರಿಕೆ ಅವನಿಗೆ ಯಾವ ಅಂಗಡಿಯಲ್ಲೂ ಇದ್ದದ್ದೇ. ತಿಂಗಳುಗಟ್ಟಲೆ ಫೋನಿನಲ್ಲಿ ಇದನ್ನೇ ನೋಡಿದ್ದ. ಯಾವುದೋ ದೇಶದ ಗಡ್ಡದವರು ಕಾಡಿನಲ್ಲಿ ಕೂತು ಹಗ್ಗ ಕುಯ್ದು, ಡಬ್ಬದ ಮುಚ್ಚಳ ಬಿಚ್ಚಿ, ಸ್ಕ್ರೂ ತಿರುಗಿಸಿ, ದಿನಾ ಜೇಬಿನಲ್ಲಿಟ್ಟುಕೊಳ್ಳಲು ಇದೇ ಸರಿ, ಅದಲ್ಲ, ಎಂದು ಘನವಾಗಿ ವಾದ ಮಾಡುತ್ತಿದ್ದರು. ಮಧುಗಿರಿಯ ಪಿಯು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇತಿಹಾಸದ ಲೆಕ್ಚರರ್ ಒಬ್ಬ ಅವರ ವಾದವನ್ನೆಲ್ಲ ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳುತ್ತಿದ್ದಾನೆಂದು ಅವರಿಗೇನು ಗೊತ್ತು. ಅಲಗಿನ ಉಕ್ಕು ಯಾವುದು, ತೆರೆದ ಮೇಲೆ ತಾನಾಗಿ ಮುಚ್ಚಿಕೊಳ್ಳದಂತೆ ಲಾಕ್ ಇದೆಯೇ, ಒದ್ದೆ ಕೈಗೆ ಜಾರುತ್ತದೆಯೇ, ಎಲ್ಲ ಅವನಿಗೆ ಬಾಯಿಪಾಠವಾಗಿತ್ತು. ಮಧುಗಿರಿಯಲ್ಲೇ ಕೊಳ್ಳಬಹುದಿತ್ತು. ಆದರೆ ಅಲ್ಲಿ ಅಂಗಡಿ ಇಟ್ಟವರಲ್ಲಿ ಅರ್ಧ ಜನ ಅವನ ಹಳೆಯ ವಿದ್ಯಾರ್ಥಿಗಳು, ಯಾಕೆ ಸಾರ್ ಎಂದು ಕೇಳುವವರು. ಅದಕ್ಕೇ ಸ್ಕೂಟರ್ ಹತ್ತಿ ಶಿರಾಕ್ಕೆ ಬಂದಿದ್ದ. ಇಲ್ಲಿಯೂ ಸಾಹೇಬರು ಅದನ್ನೇ ಕೇಳಿದರು.

"ಏನ್ ಕೆಲ್ಸಕ್ಕೆ ಬೇಕು ಸರ್? ಕೆಲ್ಸ ಹೇಳ್ಬುಡಿ, ಮಾಲ್ ನಾನ್ ಹೇಳ್ತೀನಿ."

"ಹಣ್ಣು ಹೆಚ್ಚೋಕೆ," ಎಂದ ನಾಗಭೂಷಣ. ಹೇಳಿದ ಕೂಡಲೇ ಮುಖ ಬಿಸಿಯಾಯಿತು. ಹಣ್ಣು ಹೆಚ್ಚಲು ಇಷ್ಟು ದೂರ ಯಾರು ಬರುತ್ತಾರೆ.

ಮಾರನೆಯ ದಿನ ಆಯುಧಪೂಜೆ. ಅಂಗಡಿಯಲ್ಲಿ ಹಾರೆ, ಗುದ್ದಲಿ, ಮಚ್ಚು ಕೊಳ್ಳುವವರ ಗದ್ದಲ. ಮಗಳ ಮನೆಗೆಂದು ಮಿಡಿಗೇಶಿಯಿಂದ ಬಂದ ಪುಟ್ಟಕ್ಕ ಎಂಬ ಹೆಂಗಸು ಕುಡುಗೋಲುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದವಳು, ಅದನ್ನು ಬಿಟ್ಟು ಅವನ ಪಕ್ಕಕ್ಕೇ ಬಂದು ನಿಂತಳು. ಸಾಹೇಬರು ಎಲ್ಲಕ್ಕಿಂತ ದೊಡ್ಡದನ್ನು ಬಿಚ್ಚಿ ತೋರಿಸುತ್ತಿದ್ದರು: ನಡುವೆ ಇಕ್ಕಳ, ಎರಡೂ ಕಡೆ ಗರಗಸ, ಅರ, ಸ್ಕ್ರೂಡ್ರೈವರ್, ಬಾಟಲಿ ತೆಗೆಯುವುದು, ಕೊನೆಗೊಂದು ಅಳತೆಪಟ್ಟಿ. "ಅಯ್ಯೋ ಸ್ವಾಮಿ, ಒಂದು ಸಂಸಾರಕ್ಕಾಗೋ ಸಾಮಾನ್ನೆಲ್ಲ ಮಡಚಿ ಮಡಚಿ ಇಕ್ಕವ್ರಲ್ಲ!" ಎಂದು ಪುಟ್ಟಕ್ಕ ನಕ್ಕಳು. ನಾಗಭೂಷಣನೂ ನಕ್ಕಂತೆ ಮಾಡಿ ಅದನ್ನು ಕೈಯಲ್ಲಿ ತೂಗಿದ. ಭಾರ. ಅಲಗು ಹೊರಗೆ ಬರಬೇಕಾದರೆ ಮೊದಲು ಹಿಡಿಯನ್ನು ಎರಡೂ ಕೈಯಲ್ಲಿ ಬಿಚ್ಚಬೇಕು. ಎರಡೂ ಕೈ ಬಿಡುವಾಗಿರುತ್ತದೆಂದು ಯಾರು ಹೇಳಿದರು? ಒಂದು ಕೈ ಸ್ಕೂಟರಿನ ಹ್ಯಾಂಡಲ್ ಮೇಲಿರುತ್ತದೆ. ಇನ್ನೊಂದು ಸಣ್ಣದು, ಮೇಜಿನ ಮೇಲಿಟ್ಟರೆ ಆಟಿಕೆಯಂತಿತ್ತು. ಹಲ್ಲುಕಡ್ಡಿ, ಚಿಮುಟ, ಕಿರುಬೆರಳುದ್ದದ ಕತ್ತರಿ ಎಲ್ಲ ಇದ್ದವು. ಅದರ ಅಲಗನ್ನು ಉಗುರಿನಿಂದ ಎಬ್ಬಿಸಬೇಕು. ಅವನ ಹೆಬ್ಬೆಟ್ಟಿನ ಉಗುರು ಕಚ್ಚಿ ಕಚ್ಚಿ ಇಲ್ಲವೆನ್ನುವಷ್ಟಾಗಿತ್ತು. ಎರಡು ಸಲ ಜಾರಿ, ಮೂರನೆಯ ಸಲ ಅಲಗು ಎದ್ದಾಗ ಪುಟ್ಟಕ್ಕ "ಬಂತು ಬಂತು" ಎಂದಳು.

ಈ ಉಗುರು ಕಚ್ಚುವುದು ಶುರುವಾದದ್ದು ತುಮಕೂರಿನ ಆಸ್ಪತ್ರೆಯ ಬೆಂಚಿನ ಮೇಲೆ. ಹೋದ ಕಾರ್ತಿಕದ ಸೋಮವಾರ ಸಿದ್ದರಬೆಟ್ಟಕ್ಕೆಂದು ಗಂಡ ಹೆಂಡತಿ ಇಬ್ಬರೂ ಬೆಳಗಿನ ಚಳಿಯಲ್ಲೇ ಹೊರಟಿದ್ದರು. ಲೋಹಿತಾ ಗಾಳಿಗೆ ಸೆರಗನ್ನು ತಲೆಯಿಂದ ಕತ್ತಿನ ಸುತ್ತ ತಂದು ಹೊದ್ದುಕೊಂಡಿದ್ದಳು. ಅವನು ಹಳೆಯ ಕೋಟೆಗೋಡೆಗಳ ಕಲ್ಲನ್ನು ಗಾರೆಯಿಲ್ಲದೆ ಹೇಗೆ ಕೂರಿಸುತ್ತಿದ್ದರೆಂದು ಹೇಳುತ್ತಾ ಸ್ಕೂಟರ್ ಓಡಿಸುತ್ತಿದ್ದ, ಕ್ಲಾಸಿನಲ್ಲಿ ಹೇಳುವ ಧಾಟಿಯಲ್ಲೇ. ಕೊರಟಗೆರೆ ದಾಟಿದ ಮೇಲೆ ಗಾಡಿ ಹಿಂದಕ್ಕೆ ಜಗ್ಗಿದಂತಾಯಿತು. ಪಂಚರ್ ಎಂದುಕೊಂಡ. ಈಗಲೂ ಅವನು ಮರೆಯಲಾರದ್ದು ಅದನ್ನೇ: ಸೆರಗಿನ ತುದಿ ಹಿಂದಿನ ಗಾಲಿಗೆ ಸುತ್ತಿಕೊಂಡು ಹೆಂಡತಿಯ ಕತ್ತನ್ನು ಬಿಗಿಯುತ್ತಿದ್ದಾಗ ಅವನು ಟೈರಿಗೆ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದ. ಗಾಡಿ ನಿಂತಿತು, ಅವಳು ಒಂದು ಕಡೆಗೆ ವಾಲಿ ರಸ್ತೆಗೆ ಬಿದ್ದಳು, ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಅವನು ಸೆರಗನ್ನು ಎಳೆದ. ಎಳೆದಷ್ಟೂ ಬಿಗಿಯಿತು. ಜೇಬು ತಡಕಿದ, ಪೆನ್ನು ಸಿಕ್ಕಿತು. ಎಳನೀರು ಮಾರುತ್ತಿದ್ದ ಬೊಮ್ಮಣ್ಣ ರಸ್ತೆಯ ಆಚೆಯಿಂದ ಮಚ್ಚು ಹಿಡಿದು ಓಡಿಬಂದು "ಅತ್ತಗೆ ಸರೀರಿ" ಎಂದು ಗಾಲಿಯ ಹತ್ತಿರ ಒಂದೇಟು ಹಾಕಿದ. ಆಗ ನಾಗಭೂಷಣ ಏನು ಮಾಡುತ್ತಿದ್ದ? ಸ್ಕೂಟರ್ ಬೀಳದಂತೆ ಹಿಡಿದುಕೊಂಡಿದ್ದ. ಸೀರೆ ತುಂಡಾದ ಮೇಲೂ ಹಿಡಿದುಕೊಂಡೇ ಇದ್ದು, ಸ್ಟ್ಯಾಂಡು ಸರಿಯಾಗಿ ನಿಂತಿದೆಯೇ ಎಂದು ನೋಡಿ, ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಇದು ನೋಡಿ ಸರ್, ನೋಕ್ ನೋಡಿ, ಸೂಜಿ ಇದ್ದಂಗೆ ಐತೆ," ಎಂದು ಸಾಹೇಬರು ಚೂಪು ಮೂತಿಯದೊಂದನ್ನು ಅವನ ಕಣ್ಣ ಮುಂದೆ ಹಿಡಿದರು. ನಾಗಭೂಷಣ ಹಿಂದಕ್ಕೆ ಸರಿದ. ಬಿಗಿದ ಬಟ್ಟೆಗೂ ಚರ್ಮಕ್ಕೂ ನಡುವೆ ಚೂಪು ಮೂತಿ ಹೋಗುವುದನ್ನು ಅವನು ಎಷ್ಟೋ ಸಲ ಊಹಿಸಿಕೊಂಡಿದ್ದ. ಬೇಡ ಎಂದ. ಸಾಹೇಬರು ಬೇಜಾರಾಗಿ ಕೆಳಗಿನ ಅರೆಯಿಂದ ಧೂಳು ಹಿಡಿದ ಡಬ್ಬವೊಂದನ್ನು ತೆಗೆದರು. ಕಪ್ಪು ಹಿಡಿ, ಮೊಂಡು ಮೂತಿ, ಅಲಗಿನ ಅರ್ಧಕ್ಕೆ ಗರಗಸದ ಹಲ್ಲು. ಹೆಬ್ಬೆಟ್ಟಿಗೆಂದೇ ಅಲಗಿನಲ್ಲೊಂದು ತೂತು. ಜೊತೆಗೆ ಸ್ಕ್ರೂಡ್ರೈವರ್, ಓಪನರ್, ಹಿಡಿಯ ಹಿಂಬದಿಯಲ್ಲಿ ಸೀಟ್ ಬೆಲ್ಟಿನಂಥ ಪಟ್ಟಿ ಕುಯ್ಯುವ ಕೊಕ್ಕೆ. ಬಲಗೈಯ ಹೆಬ್ಬೆಟ್ಟು ತಳ್ಳಿದರೆ ಸಾಕು, ಅಲಗು ಟಕ್ಕೆಂದು ತೆರೆದುಕೊಂಡಿತು. "ಇದಕ್ಕೆ ಮೂತೀನೇ ಇಲ್ಲ ಸರ್, ಯಾರೂ ತಗಳಲ್ಲ," ಎಂದರು ಸಾಹೇಬರು ಪ್ರಾಮಾಣಿಕವಾಗಿ.

"ಬಟ್ಟೆ ಕುಯ್ಯುತ್ತಾ?"

"ಬಟ್ಟೆಗೆ ಕತ್ರಿ ತಗಳಿ ಸರ್. ಹಣ್ಣು ಅಂದ್ರಲ್ಲ?"

ಅವನು ಜೇಬಿನ ಕರವಸ್ತ್ರ ತೆಗೆದು, ತಕ್ಕಡಿಯ ಕೊಂಡಿಗೆ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ಹಗ್ಗದ ಹಾಗೆ ಹುರಿಮಾಡಿ ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿದ. ಅಂಗಡಿಯ ಗದ್ದಲ ಸ್ವಲ್ಪ ತಗ್ಗಿತು. ಹಾರೆ ಕೊಳ್ಳುತ್ತಿದ್ದವರು ತಿರುಗಿ ನೋಡಿದರು. ಅಲಗಿನ ಹಲ್ಲು ತಾಕಿಸಿ ಎಳೆದ. ಕರವಸ್ತ್ರ ತುಂಡಾಗಿ ಅವನು ಹಿಂದಕ್ಕೆ ಮುಗ್ಗರಿಸಿ ಗುದ್ದಲಿಗಳ ಮೇಲೆ ಬೀಳುವಂತಾದ. "ಚೆನ್ನಾಗಿರೋ ವಸ್ತ್ರ ಹರ್ದಾಕ್ಬುಟ್ರಲ್ಲ ಸ್ವಾಮಿ!" ಎಂದು ಪುಟ್ಟಕ್ಕ ನಿಜವಾಗಿಯೂ ನೊಂದುಕೊಂಡಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮನುಷ್ಯನೊಬ್ಬ ಅಂಗಡಿಯಲ್ಲಿ ನಿಂತು ತನ್ನ ಕರವಸ್ತ್ರ ತಾನೇ ಕುಯ್ದುಕೊಂಡ ಕಥೆ ಸಂಜೆಯೊಳಗೆ ಮಸೀದಿ ಬೀದಿಯೆಲ್ಲ ಸುತ್ತುತ್ತದೆ ಎಂದುಕೊಂಡರೂ ಅವನಿಗೆ ಬಹಳ ದಿನಗಳ ಮೇಲೆ ಮನಸ್ಸು ಹಗುರಾಗಿತ್ತು. ಇದೇ ಇರಲಿ ಎಂದ.

ಬಡವನಹಳ್ಳಿ ಹತ್ತಿರ ಬಂದಾಗ ತಡೆಯಲಾರದೆ ಹುಣಸೇಮರದ ನೆರಳಿನಲ್ಲಿ ಸ್ಕೂಟರ್ ನಿಲ್ಲಿಸಿದ. ಎಡಗೈ ಹ್ಯಾಂಡಲ್ ಮೇಲಿಟ್ಟು, ಬಲಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿ, ಚಾಕು ತೆಗೆದು, ಹೆಬ್ಬೆಟ್ಟು ತಳ್ಳಿ, ಹಿಂದಕ್ಕೆ ತಿರುಗಿದ. ಮತ್ತೆ ಮಡಚಿ ಜೇಬಿಗೆ. ಮತ್ತೆ ತೆಗೆದು. ಹಿಂದಿನ ಸೀಟು ಬಿಸಿಲಿಗೆ ಕಾದು ಖಾಲಿಯಾಗಿತ್ತು. ಆಸ್ಪತ್ರೆಯಿಂದ ಬಂದಮೇಲೆ ಲೋಹಿತಾ ಅದರ ಮೇಲೆ ಒಮ್ಮೆಯೂ ಕೂತಿರಲಿಲ್ಲ. ಜಗಳವಿಲ್ಲ, ದೂರಿಲ್ಲ, ಕಣ್ಣೀರಿಲ್ಲ. "ಬಸ್ಸೇ ಅನುಕೂಲ ಕಣ್ರೀ," ಎಂದಳು, ಅಷ್ಟೇ. ಕೊರಟಗೆರೆಯ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋದಳು, ಸಂತೆಗೆ ಆಟೋದಲ್ಲಿ ಹೋದಳು, ನೆಂಟರ ಮನೆಗೆ ಹೋಗುವಾಗ ಅವನು ಸ್ಕೂಟರಿನಲ್ಲಿ ಮುಂದೆ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಅವಳಿಗಾಗಿ ಕಾಯುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು. ಅವಳ ದನಿ ಆಗಿನಿಂದ ಒಡೆದಿತ್ತು, ನಾಲ್ಕನೇ ಪೀರಿಯಡ್ಡಿಗೆ ಮಾತೇ ಹೊರಡುವುದಿಲ್ಲವಂತೆ, ಅದನ್ನೂ ಅವನಿಗೆ ಹೇಳಿದವಳು ಅವಳ ಜೊತೆಯ ಟೀಚರ್ ಅನುಪಮಾ. ಕತ್ತಿನ ಗೆರೆಯನ್ನು ಅವಳು ಮುಚ್ಚಿಕೊಳ್ಳುತ್ತಲೂ ಇರಲಿಲ್ಲ, ತೋರಿಸುತ್ತಲೂ ಇರಲಿಲ್ಲ. ಅವಳು ಇನ್ನೊಮ್ಮೆ ತನ್ನ ಹಿಂದೆ ಕೂರಬೇಕು, ಹೆಗಲ ಮೇಲೆ ಕೈಯಿಡಬೇಕು, ಅಷ್ಟಾದರೆ ಸಾಕು ಎಂಬ ಆಸೆ ಅವನಿಗೆ ಊಟದಲ್ಲೂ ನಿದ್ದೆಯಲ್ಲೂ ಅಂಟಿಕೊಂಡಿತ್ತು. ಹಾಗೆ ಕೂರಬೇಕಾದರೆ ತಾನು ಈ ಸಲ ತಯಾರಾಗಿದ್ದೇನೆಂದು ಅವಳಿಗೆ ಗೊತ್ತಾಗಬೇಕು.

"ಏನ್ಸಾ, ಪಂಚರಾ?" ಎಂದು ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ಕೇಳಿದ. ನಾಗಭೂಷಣನ ಕೈಯಲ್ಲಿ ತೆರೆದ ಅಲಗು ಕಂಡು, ಉತ್ತರಕ್ಕೆ ಕಾಯದೆ ಎಮ್ಮೆಗಳನ್ನು ಬಿರಬಿರನೆ ಹೊಡೆದುಕೊಂಡು ಹೋದ.

ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ನಡುಮನೆಯಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದರು. ಆಯುಧಪೂಜೆಯ ದಿನ ಈ ಮನೆಯಲ್ಲಿ ಕಬ್ಬಿಣಕ್ಕೆ ಬಿಡುವು. ದೇವರ ಮುಂದೆ ಮಣೆಯ ಮೇಲೆ ಪೂಜೆಗಿಟ್ಟ ಯಾವುದನ್ನೂ ಮಾರನೆಯ ಬೆಳಿಗ್ಗೆ ಮತ್ತೊಮ್ಮೆ ಮಂಗಳಾರತಿಯಾಗುವವರೆಗೆ ಮುಟ್ಟುವಂತಿಲ್ಲ. ಹಾಗಾಗಿ ನಾಳೆಯ ಹುಳಿಗೂ ಪಲ್ಯಕ್ಕೂ ಇಂದೇ ಹೆಚ್ಚಿಟ್ಟುಕೊಳ್ಳುವುದು ಅವನ ತಾಯಿ ಸರೋಜಮ್ಮನವರು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಡೆದುಬಂದದ್ದು. ನಾಗಭೂಷಣ ಚಾಕುವನ್ನು ಲೋಹಿತಾಳ ಮುಂದೆ, ಹುರುಳಿಕಾಯಿ ರಾಶಿಯ ಪಕ್ಕದಲ್ಲಿ ಇಟ್ಟ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಒಂದೇ ಕೈಯಲ್ಲಿ ತೆರೀಬೋದು," ಎಂದ.

ಅವಳು ಅದನ್ನು ನೋಡಿದಳು. ಮೊಂಡು ಮೂತಿಯನ್ನು, ಹಲ್ಲನ್ನು, ಕೊಕ್ಕೆಯನ್ನು. ಅವಳಿಗೆ ಎಲ್ಲವೂ ಅರ್ಥವಾಯಿತೆಂದು ಅವನಿಗೆ ಗೊತ್ತಾಯಿತು. "ಚೆನ್ನಾಗಿದೆ," ಎಂದು ಮತ್ತೆ ಹುರುಳಿಕಾಯಿ ನಾರು ತೆಗೆಯತೊಡಗಿದಳು.

"ಹೊಸಾ ಆಯುಧ ತಂದಿದ್ದೀಯ, ಒಳ್ಳೇದೇ ಆಯ್ತು. ನಾಳೀಕೆ ಪೂಜೆಗಿಕ್ಕಪ್ಪ," ಎಂದರು ಸರೋಜಮ್ಮ.

ಬೆಳಿಗ್ಗೆ ಸ್ಕೂಟರ್ ತೊಳೆದು, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಹಾಕಿ, ಎರಡೂ ಬದಿಗೆ ಎಳೆ ಬಾಳೆಕಂದು ಕಟ್ಟಿದ. ಒಳಗೆ ಮಣೆಯ ಮೇಲೆ ಈಳಿಗೆಮಣೆ, ಕುಡುಗೋಲು, ಸುತ್ತಿಗೆ, ಲೋಹಿತಾಳ ಕೆಂಪು ಪೆನ್ನು, ಅವನ ಲ್ಯಾಪ್‌ಟಾಪು, ಎಲ್ಲದರ ತುದಿಗೆ ಹೊಸ ಚಾಕು. ಸರೋಜಮ್ಮ ಅದರ ಹಿಡಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ನೀರಿನಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಇಟ್ಟರು. ಎದುರು ಮನೆಯ ಮಲ್ಲಿಕಾರ್ಜುನಯ್ಯನವರು ತಮ್ಮ ಕಾರಿನ ಮುಂದೆ ಕುಂಬಳಕಾಯಿ ಒಡೆದು, ತೊಲೆಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಾ ಕೂತರು. ಸ್ಕೂಟರಿಗೆ ಆರತಿಯಾದ ಮೇಲೆ ಸರೋಜಮ್ಮ, ಪ್ರತಿ ವರ್ಷ ಹೇಳುವಂತೆ, "ಮಲ್ಲೇಶ್ವರನ ಗುಡಿಗಂಟ ಇಬ್ರೂ ಒಂದು ಸುತ್ತು ಹೋಗ್ಬುಟ್ಟು ಬನ್ನಿ," ಎಂದರು. ಹೇಳಿದ ಮೇಲೆ ಅವರಿಗೇ ನೆನಪಾಗಿ ಬಾಯಿಗೆ ಸೆರಗು ಹಿಡಿದರು. ನಾಗಭೂಷಣ ನೆಲ ನೋಡಿದ. ಅವಳು ತಲೆನೋವು ಎನ್ನುತ್ತಾಳೆ, ಒಲೆಯ ಮೇಲೆ ಪಾಯಸ ಇದೆ ಎನ್ನುತ್ತಾಳೆ, ಆಗ ತಾನು ಮಲ್ಲಿಕಾರ್ಜುನಯ್ಯನವರ ಕಣ್ಣೆದುರು ಒಬ್ಬನೇ ಸುತ್ತು ಹಾಕಿ ಬರಬೇಕು.

"ಆಗ್ಲಿ ಅತ್ತೆ. ಸೀರೆ ಬದಲಾಯಿಸ್ಕೊಂಡು ಬರ್ತೀನಿ," ಎಂದಳು ಲೋಹಿತಾ.

ಅವನಿಗೆ ಸಂತೋಷ ಒಂದು ಕ್ಷಣವಿತ್ತು, ಆಮೇಲೆ ಬರೀ ಭಯ. ಸೀರೆ. ಹಾರ ಬೇರೆ, ಬಾಳೆ ಬೇರೆ, ಬೀದಿ ತುಂಬ ಪೂಜೆಯಾದ ಗಾಡಿಗಳು. ಚಾಕು ದೇವರ ಮುಂದಿದೆ. ಇಷ್ಟು ತಿಂಗಳು ಕಾದು, ಶಿರಾದವರೆಗೆ ಹೋಗಿ, ಬಟ್ಟೆ ಕುಯ್ದು ನೋಡಿ ತಂದದ್ದು ಬೇಕಾಗಿದ್ದ ಒಂದೇ ದಿನ ಮುಟ್ಟಬಾರದ್ದಾಗಿ ಕೂತಿದೆ. ಇತಿಹಾಸ ಓದಿದವನು, ಇಂಥದ್ದನ್ನೆಲ್ಲ ಕ್ಲಾಸಿನಲ್ಲಿ ಆಚರಣೆ ಎಂಬ ಒಂದು ಪದದಲ್ಲಿ ಮುಗಿಸುವವನು, ಆದರೂ ಪೂಜೆಗಿಟ್ಟದ್ದನ್ನು ನಡುವೆ ಎತ್ತಿದ ನೆನಪು ಅವನಿಗೆ ಹುಟ್ಟಿದಾಗಿನಿಂದ ಇರಲಿಲ್ಲ. ತಾಯಿ ಸ್ಕೂಟರಿನ ಗಾಲಿಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು. ಅವನು ಶಲ್ಯ ಮರೆತೆ ಎನ್ನುತ್ತಾ ಒಳಗೆ ಹೋದ. ದೀಪ ಉರಿಯುತ್ತಿತ್ತು. ಕೈಮುಗಿದ, ತಪ್ಪಾಯಿತು ಎಂದ, ಚಾಕುವಿನ ಮೇಲಿದ್ದ ಹೂವನ್ನು ಪಕ್ಕದ ಸುತ್ತಿಗೆಯ ಮೇಲೆ ಸರಿಸಿ ಅದನ್ನೆತ್ತಿ ಬಿಳಿ ಜುಬ್ಬದ ಜೇಬಿಗೆ ಹಾಕಿಕೊಂಡು, ಹೆಗಲಿಗೆ ಶಲ್ಯ ಏರಿಸಿ ಹೊರಗೆ ಬಂದ. ಕಳ್ಳತನ ಇಷ್ಟು ಸುಲಭವೇ ಎನಿಸಿತು.

ಲೋಹಿತಾ ಹತ್ತಿ ಸೀರೆಯುಟ್ಟು, ಸೆರಗನ್ನು ಭುಜದ ಮೇಲೆ ಪಿನ್ನು ಹಾಕಿ ಮಡಿಸಿ, ತುದಿಯನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಬಂದಳು. ಅವನ ಮುಖ ನೋಡಿದಳು. ಆಮೇಲೆ ಅವನ ಜೇಬು ನೋಡಿದಳು. ಜುಬ್ಬದ ಮೇಲೆ ಕುಂಕುಮದ ಒದ್ದೆ ಹೊರಗೆ ಹರಡಿ ಅಂಗೈಯಗಲ ಕೆಂಪಾಗಿತ್ತು. ಅವನೂ ತಗ್ಗಿ ನೋಡಿಕೊಂಡ. ಕೈಯಿಂದ ಮುಚ್ಚಿದ. ಕೈಯೂ ಕೆಂಪಾಯಿತು.

"ಅತ್ತೆ, ಪಾಯಸ ಒಂದ್ಸಲ ನೋಡ್ಕೊಳ್ತೀರಾ?" ಎಂದು ಅತ್ತೆಯನ್ನು ಒಳಗೆ ಕಳಿಸಿ, ಅವಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು. ಮೆಲ್ಲಗೆ ಅಲ್ಲದೆ ಹೇಳಲು ಈಗ ಅವಳಿಂದ ಆಗುತ್ತಲೂ ಇರಲಿಲ್ಲ. "ನಿನ್ನೆ ಅದನ್ನ ನೋಡ್ದಾಗ ನನಗೆ ಹೆಂಗಾಯ್ತು ಗೊತ್ತೇನ್ರೀ? ಇವರು ಇನ್ನೊಂದ್ಸಲ ಆಗುತ್ತೆ ಅಂತ ಕಾಯ್ಕೊಂಡು ಕೂತವ್ರೆ ಅನ್ನಿಸ್ತು. ಆದ್ಮೇಲೆ ಕುಯ್ಯೋದು ಹೆಂಗೆ ಅಂತ ಇಷ್ಟು ದಿನ ಯೋಚ್ನೆ ಮಾಡಿದ್ರಿ. ಆಗ್ದಂಗೆ ಓಡಿಸೋದು ಹೆಂಗೆ ಅಂತ ಒಂದ್ಸಲನಾದ್ರೂ ಮಾಡಿದ್ರಾ?"

ಮಾಡಿರಲಿಲ್ಲ. ಉಕ್ಕಿನ ಜಾತಿ ಗೊತ್ತಿತ್ತು, ಲಾಕುಗಳ ಹೆಸರು ಗೊತ್ತಿತ್ತು. ಅವನ ಎಲ್ಲ ಯೋಚನೆಯೂ ಅವಳು ರಸ್ತೆಯ ಮೇಲೆ ಬಿದ್ದ ಮೇಲೆಯೇ ಶುರುವಾಗುತ್ತಿತ್ತು. ಅವಳನ್ನು ಅಲ್ಲಿ ಬೀಳಿಸಿಕೊಂಡು, ತಾನು ಓಡಿಬಂದು, ಅಲಗು ತೆರೆದು ಉಳಿಸಿ, ಬೊಮ್ಮಣ್ಣನ ಜಾಗದಲ್ಲಿ ತಾನು ನಿಲ್ಲುವುದನ್ನು ಅವನು ಎಷ್ಟು ಸಲ ಕಂಡಿದ್ದ! ನಾಚಿಕೆಯಿಂದ ಅವನ ಕಿವಿ ಸುಟ್ಟಿತು.

"ಒಳಗಿಟ್ಟು ಬನ್ನಿ," ಎಂದಳು. "ಕೀ ಕೊಟ್ಟು ಹೋಗಿ."

ಅವನು ಚಾಕುವನ್ನು ಮಣೆಯ ತುದಿಯಲ್ಲಿಟ್ಟು, ಹೂವನ್ನು ಸುತ್ತಿಗೆಯ ಮೇಲಿಂದ ತೆಗೆದು ಮತ್ತೆ ಅದಕ್ಕೇರಿಸಿ ಬರುವಷ್ಟರಲ್ಲಿ ಲೋಹಿತಾ ಸ್ಕೂಟರಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. "ಇದೇನೇ ಲೋಹಿತಾ!" ಎಂದು ಸರೋಜಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದರು. "ಅನುಪಮಾ ಹೇಳ್ಕೊಟ್ಟಳು ಅತ್ತೆ, ಸ್ಕೂಲ್ ಮೈದಾನದಲ್ಲಿ. ಲೈಸೆನ್ಸೂ ಆಯ್ತು," ಎಂದಳು ಅವಳು, ತಿರುಗದೆ. ಇದು ಯಾವಾಗ ನಡೆಯಿತು? ತಾನು ಕಿವಿಗೆ ವೈರು ಸಿಕ್ಕಿಸಿಕೊಂಡು ಗಡ್ಡದವರ ಮಾತು ಕೇಳುತ್ತಿದ್ದ ಸಂಜೆಗಳಲ್ಲೇ ಇರಬೇಕು. ತನಗೆ ಹೇಳಲಿಲ್ಲವಲ್ಲ ಎಂಬ ನೋವು, ಮಲ್ಲಿಕಾರ್ಜುನಯ್ಯನವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದು, ಜುಬ್ಬದ ಮೇಲಿನ ಕಲೆ, ಎಲ್ಲವೂ ಒಟ್ಟಿಗೆ ಅವನನ್ನು ಅಲ್ಲೇ ನಿಲ್ಲಿಸಿದವು. ಒಂದು ಕ್ಷಣ, ನಡೆದೇ ಬರುತ್ತೇನೆ ಎನ್ನಬೇಕೆನಿಸಿತು. ಅವಳು ಕಾದಳು. ಅವನು ಪಂಚೆ ಎತ್ತಿ ಹಿಂದೆ ಹತ್ತಿ ಕೂತ. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ.

ಎಂಜಿನ್ ಶುರುವಾಯಿತು, ಗಾಡಿ ಹೊರಡಲಿಲ್ಲ. ಲೋಹಿತಾ ಒಂದು ಕಾಲನ್ನು ನೆಲಕ್ಕೂರಿ ಪೂರಾ ಹಿಂದಕ್ಕೆ ತಿರುಗಿದಳು. ಅವನ ಪಾದ ಎಲ್ಲಿದೆಯೆಂದು ನೋಡಿದಳು, ಪಂಚೆಯ ಅಂಚು ನೋಡಿದಳು, ಬಗ್ಗಿ ಗಾಲಿ ನೋಡಿದಳು. "ಶಲ್ಯ," ಎಂದಳು. ಅವನ ಬೆನ್ನ ಹಿಂದೆ ಅದು ಗಾಲಿಯವರೆಗೆ ಇಳಿಬಿದ್ದಿತ್ತು. ಅವನು ಎಳೆದು ಸೊಂಟಕ್ಕೆ ಸುತ್ತಿ ಕಟ್ಟಿದ. ಅವಳು ಮತ್ತೊಮ್ಮೆ ನೋಡಿದಳು. ಮದುವೆಯಾದಾಗಿನಿಂದ ಅವಳನ್ನು ಹಿಂದೆ ಕೂರಿಸಿಕೊಂಡು ಓಡಾಡಿದ ದಾರಿಗಳು ಅವನಿಗೆ ನೆನಪಾದವು, ಪಾವಗಡದ ಶನೇಶ್ವರನ ಗುಡಿ, ಶಿರಾದ ಮದುವೆಮನೆಗಳು, ಪ್ರತಿ ಕಾರ್ತಿಕದ ಸಿದ್ದರಬೆಟ್ಟ. ಒಂದು ಸಲವೂ ತಾನು ಹೀಗೆ ಕತ್ತು ತಿರುಗಿಸಿರಲಿಲ್ಲ. ಅವಳ ಭಾರ ಸೀಟಿನ ಮೇಲೆ ಬಿದ್ದದ್ದು ತಿಳಿದರೆ ಸಾಕು, ಮುಂದೆ ನೋಡಿಕೊಂಡು ಹೊರಟುಬಿಡುತ್ತಿದ್ದ.

"ಕೂತ್ಕಂಡ್ರಾ?" ಎಂದು ಕೇಳಿದಳು, ಒಡೆದ ದನಿಯಲ್ಲಿ.

ಅವನು ತಲೆಯಾಡಿಸಿದ. ತಲೆಯಾಡಿಸಿದ್ದು ಅವಳಿಗೆ ಸಾಲಲಿಲ್ಲ. ಮುಂದಕ್ಕೆ ತಿರುಗದೆ, ಬೀದಿಯವರೆಲ್ಲ ನೋಡುತ್ತಿದ್ದರೂ ಹಾಗೆಯೇ ಅವನನ್ನು ನೋಡುತ್ತಾ, ಅವನು ಬಾಯಿಬಿಟ್ಟು ಹೇಳುವವರೆಗೆ ಕಾಯುತ್ತಾ ಇದ್ದಳು.

"ಕೂತೆ," ಎಂದ.